ಗಡಿಯಾರ ಯಾರನ್ನ ಕೇಳಿ ಟೈಮ್ ಹೇಳತ್ತೆ?

ಗೋಡೆ ಗಡಿಯಾರ ಕೆಲವು ತಿಂಗಳಲ್ಲಿ ಒಂದೆರಡು ನಿಮಿಷ ಹಿಂದೆ ಬೀಳತ್ತೆ, ಕೆಲವು ಮುಂದೆ ಓಡ್ತವೆ, ಆದ್ರೆ ಜೇಬಲ್ಲಿರೋ ಫೋನ್ ಮಾತ್ರ ವರ್ಷಗಟ್ಟಲೆ ಅತ್ತಿತ್ತ ಅಲ್ಲಾಡಲ್ಲ. ಫೋನ್ ಒಳಗಿರೋ ಗಡಿಯಾರ ಭಾರಿ ಒಳ್ಳೇದಿರ್ಬೇಕು ಅಂತ ಹೆಚ್ಚಿನವರು ಅಂದ್ಕೊಂಡಿರ್ತಾರೆ. ಹಾಗೇನಿಲ್ಲ. ಗೋಡೆ ಮೇಲಿನದ್ರಲ್ಲಿ ಇರೋ ಸ್ಫಟಿಕದ ಜಾತಿಯದ್ದೇ ಅದರಲ್ಲೂ ಇರತ್ತೆ, ಸಿಮ್ ತೆಗೆದು ವೈಫೈ ಆಫ್ ಮಾಡಿ ಕಪಾಟಲ್ಲಿ ಬಿಟ್ರೆ ಅದೂ ನಿಧಾನಕ್ಕೆ ದಾರಿ ತಪ್ಪತ್ತೆ. ವ್ಯತ್ಯಾಸ ಇಷ್ಟೇ, ಗೋಡೆ ಗಡಿಯಾರಕ್ಕೆ ಯಾರನ್ನೂ ಕೇಳೋಕೆ ಆಗಲ್ಲ, ಫೋನ್ ಆಗಾಗ ಕೇಳ್ತಾ ಇರತ್ತೆ. ಹಾಗಾದ್ರೆ ಅದು ಯಾರನ್ನ ಕೇಳತ್ತೆ, ಅವರು ಇನ್ಯಾರನ್ನ ಕೇಳ್ತಾರೆ ಅಂತ ಹಿಂದೆ ಹಿಂದೆ ಹೋದ್ರೆ ಕೊನೆಗೆ ಸಿಗೋ ಉತ್ತರ ಸ್ವಲ್ಪ ವಿಚಿತ್ರವಾಗಿದೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು ಗೋಡೆ ಗಡಿಯಾರವನ್ನೇ ಹಿಡ್ಕೊಳ್ಳೋಣ. ಕೆಟ್ಟು ಕೂತಿರೋದು ಒಂದಿದ್ರೆ ಹಿಂದಿನ ಕರೀ ಪ್ಲಾಸ್ಟಿಕ್ ಡಬ್ಬಿ ಬಿಚ್ಚಿ ನೋಡಿ, ಸ್ಕ್ರೂ ಕೂಡ ಇರಲ್ಲ, ಉಗುರಿಂದ ಎಬ್ಬಿಸಿದ್ರೆ ಬರತ್ತೆ (ಹುಷಾರು, ಹಲ್ಲಿನ ಚಕ್ರಗಳು ಉದುರಿದ್ರೆ ಯಾವುದು ಎಲ್ಲಿತ್ತು ಅಂತ ವಾಪಸ್ ಜೋಡಿಸೋದು ದೊಡ್ಡ ಗೋಳು). ಒಳಗೆ ಕೂದಲೆಳೆಯಷ್ಟು ತೆಳು ತಾಮ್ರದ ತಂತಿ ಸುತ್ತಿರೋ ಒಂದು ಕಾಯಿಲ್, ಒಂದು ಪುಟಾಣಿ ಬೋರ್ಡು, ಅದರ ಮೇಲೆ ಕರೀ ಅಂಟಿನ ತೊಟ್ಟು ಬಿದ್ದ ಹಾಗೆ ಕಾಣೋ ಒಂದು ಚಿಪ್, ಪಕ್ಕದಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹೊಳೆಯೋ ಲೋಹದ ಕೊಳವೆ. ಗಡಿಯಾರ ಅಂದ್ರೆ ನಿಜವಾಗಿ ಆ ಕೊಳವೆನೇ, ಮಿಕ್ಕಿದ್ದೆಲ್ಲ ಅದರ ಹೊಡೆತ ಎಣಿಸಿ ನಮಗೆ ತೋರ್ಸೋ ವ್ಯವಸ್ಥೆ.

ಕೊಳವೆ ಒಳಗೆ ಗಾಳಿ ತೆಗೆದ ಜಾಗದಲ್ಲಿ ಕ್ವಾರ್ಟ್ಜ್ ಸ್ಫಟಿಕದ ಒಂದು ಸಣ್ಣ ತುಂಡು ಇರತ್ತೆ, ಟ್ಯೂನಿಂಗ್ ಫೋರ್ಕ್ ಆಕಾರಕ್ಕೆ ಕತ್ತರಿಸಿದ್ದು, ಎರಡು ಕಾಲು. ಕ್ವಾರ್ಟ್ಜಿಗೆ ಒಂದು ಗುಣ ಇದೆ, ಒತ್ತಿದ್ರೆ ಅದರ ಮೈಮೇಲೆ ವೋಲ್ಟೇಜ್ ಹುಟ್ಟತ್ತೆ. ಇದನ್ನ 1880ರಲ್ಲಿ ಕಂಡುಹಿಡಿದಿದ್ದು ಜಾಕ್ ಕ್ಯೂರಿ ಮತ್ತೆ ಪಿಯರೆ ಕ್ಯೂರಿ ಅನ್ನೋ ಅಣ್ಣ ತಮ್ಮ, ಹೌದು, ಮೇರಿ ಕ್ಯೂರಿಯ ಗಂಡ ಆದ ಅದೇ ಪಿಯರೆ. ಮುಂದಿನ ವರ್ಷ ಲಿಪ್‌ಮನ್ ಅನ್ನೋರು ಇದು ಉಲ್ಟಾನೂ ಆಗ್ಲೇಬೇಕು, ವೋಲ್ಟೇಜ್ ಕೊಟ್ರೆ ಸ್ಫಟಿಕ ಬಾಗಬೇಕು ಅಂತ ಲೆಕ್ಕ ಹಾಕಿ ಹೇಳಿದ್ರು, ಕ್ಯೂರಿ ಸಹೋದರರು ಪ್ರಯೋಗ ಮಾಡಿ ಹೌದು ಅಂದ್ರು. ಈಗ ಈ ಎರಡನ್ನೂ ಸೇರಿಸಿ. ಸ್ಫಟಿಕದ ಕಾಲು ನಡುಗಿದಾಗ ಸಣ್ಣ ವೋಲ್ಟೇಜ್ ಹುಟ್ಟತ್ತೆ, ಚಿಪ್ ಅದನ್ನ ದೊಡ್ಡದು ಮಾಡಿ ಸರಿಯಾದ ಹೊತ್ತಿಗೆ ವಾಪಸ್ ಸ್ಫಟಿಕಕ್ಕೇ ಕೊಡತ್ತೆ, ಉಯ್ಯಾಲೆ ವಾಪಸ್ ಬಂದಾಗ ಹಿಂದೆ ನಿಂತವರು ಒಂದು ಸಣ್ಣ ತಳ್ಳು ಕೊಡ್ತಾರಲ್ಲ ಹಾಗೆ. ನಡುಕ ನಿಲ್ಲೋದೇ ಇಲ್ಲ. ಎಷ್ಟು ಸಲ ನಡುಗಬೇಕು ಅನ್ನೋದನ್ನ ಸೆಲ್ ನಿರ್ಧಾರ ಮಾಡಲ್ಲ, ಚಿಪ್ಪೂ ಮಾಡಲ್ಲ, ಆ ಕಾಲುಗಳ ಉದ್ದ ಅಗಲ ಬಿಗಿತ ನಿರ್ಧಾರ ಮಾಡತ್ತೆ. ಸೆಲ್ ಅರ್ಧ ಖಾಲಿ ಆದ್ರೂ ಗಡಿಯಾರ ಅರ್ಧ ನಿಧಾನ ಆಗದೇ ಇರೋದು ಇದಕ್ಕೇ.

ಸೆಕೆಂಡಿಗೆ ಸರಿಯಾಗಿ 32,768 ಸಲ. ಈ ಅಡ್ಡಾದಿಡ್ಡಿ ಸಂಖ್ಯೆ ಯಾಕಪ್ಪಾ ಅಂದ್ರೆ, ಅರ್ಧ ಮಾಡ್ತಾ ಹೋಗಿ, 16,384, 8,192, 4,096, ಹೀಗೆ ಹದಿನೈದು ಸಲ ಅರ್ಧ ಮಾಡಿದ್ರೆ ಸರಿಯಾಗಿ 1 ಸಿಗತ್ತೆ. ಡಿಜಿಟಲ್ ಸರ್ಕ್ಯೂಟಿಗೆ ಅರ್ಧ ಮಾಡೋದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ಇನ್ನೂ ಕಮ್ಮಿ ಸಂಖ್ಯೆ ಇಟ್ಕೋಬಹುದಿತ್ತು, ಆದ್ರೆ 16,384 ಆಗಿದ್ರೆ ಅದು ಮನುಷ್ಯನ ಕಿವಿಗೆ ಕೇಳೋ ವ್ಯಾಪ್ತಿ ಒಳಗೆ ಬರತ್ತೆ, ಜೊತೆಗೆ ಸ್ಫಟಿಕವೂ ದೊಡ್ಡದಾಗ್ಬೇಕು. ಇನ್ನೂ ಜಾಸ್ತಿ ಇಟ್ರೆ ಸೆಲ್ ಬೇಗ ಖಾಲಿ. ಮಾರುಕಟ್ಟೆಗೆ ಬಂದ ಮೊದಲ ಕ್ವಾರ್ಟ್ಜ್ ಕೈಗಡಿಯಾರ, ಸೀಕೋದವರು 1969ರ ಡಿಸೆಂಬರ್ 25ಕ್ಕೆ ಬಿಟ್ಟಿದ್ದು, 8,192ರ ಮೇಲೆ ಓಡ್ತಿತ್ತು. ಆಮೇಲೆ ಎಲ್ರೂ ಬಂದು ನಿಂತಿದ್ದು 32,768ಕ್ಕೆ, ಇವತ್ತಿಗೂ ಅಲ್ಲೇ ನಿಂತಿದಾರೆ.

ಚಿಪ್ ಹದಿನೈದು ಸಲ ಅರ್ಧ ಮಾಡಿ ಸೆಕೆಂಡಿಗೊಂದು ಹೊಡೆತ ಕಾಯಿಲ್‌ಗೆ ಕಳಿಸತ್ತೆ, ಒಂದು ಸಲ ಈ ದಿಕ್ಕಿಗೆ ಕರೆಂಟು, ಮುಂದಿನ ಸಲ ಆ ದಿಕ್ಕಿಗೆ. ಕಾಯಿಲ್ ಬಾಯಲ್ಲಿ ಕೂತಿರೋ ಗುಂಡಗಿನ ಪುಟ್ಟ ಆಯಸ್ಕಾಂತ ಪ್ರತಿ ಹೊಡೆತಕ್ಕೂ ಅರ್ಧ ಸುತ್ತು ತಿರುಗತ್ತೆ, ಅದೇ ನಮಗೆ ಕೇಳೋ ಟಿಕ್. ಸೆಲ್ ಸಾಯೋಕೆ ಬಂದಾಗ ಏನಾಗತ್ತೆ ಗಮನಿಸಿದೀರಾ, ಸೆಕೆಂಡ್ ಮುಳ್ಳು ಎಲ್ಲೋ ಒಂದು ಕಡೆ ನಿಂತು ಅಲ್ಲೇ ಅಲ್ಲೇ ಮುಂದೆ ಹಿಂದೆ ಮಿಡುಕ್ತಾ ಇರತ್ತೆ. ಆ ಜಾಗ ಹೆಚ್ಚುಕಮ್ಮಿ ಯಾವಾಗ್ಲೂ 9ರ ಆಸುಪಾಸೇ. ಹನ್ನೆರಡರಿಂದ ಆರಕ್ಕೆ ಬರುವಾಗ ಮುಳ್ಳು ಇಳೀತಿರತ್ತೆ, ಅದರ ತೂಕವೇ ಸಹಾಯ ಮಾಡತ್ತೆ. ಆರರಿಂದ ಮೇಲಕ್ಕೆ ಹತ್ತಬೇಕು, ಒಂಬತ್ತರ ಹತ್ರ ಮುಳ್ಳು ಅಡ್ಡಡ್ಡ ಚಾಚಿಕೊಂಡಿರೋದ್ರಿಂದ ಅಲ್ಲಿ ಎತ್ತೋದು ಅತಿ ಕಷ್ಟ, ಶಕ್ತಿ ಇಲ್ಲದ ಕಾಯಿಲ್ ಅಲ್ಲೇ ಸೋಲತ್ತೆ. ಮಜಾ ಅಂದ್ರೆ ಆಗಲೂ ಒಳಗಿನ ಸ್ಫಟಿಕ ಸರಿಯಾಗೇ ನಡುಗ್ತಾ ಇರತ್ತೆ, ಟೈಮ್ ಎಣಿಸೋಕೆ ಬೇಕಾದ ಕರೆಂಟು ತೀರಾ ಕಮ್ಮಿ, ಬಹುಪಾಲು ಸೆಲ್ ಖರ್ಚಾಗೋದು ಮುಳ್ಳು ಎತ್ತೋಕೆ.

ಇಷ್ಟೆಲ್ಲ ಚೆನ್ನಾಗಿದ್ರೆ ಹಿಂದೆ ಯಾಕೆ ಬೀಳತ್ತೆ? ಫ್ಯಾಕ್ಟರಿಯಲ್ಲಿ ಸ್ಫಟಿಕದ ಕಾಲಿನ ತುದೀಲಿ ಬಳಿದಿರೋ ಲೋಹವನ್ನ ಲೇಸರ್‌ನಿಂದ ಚೂರು ಚೂರು ಸುಟ್ಟು ಶ್ರುತಿ ಮಾಡ್ತಾರೆ. ಆದ್ರೂ ಸಾಮಾನ್ಯ ಸ್ಫಟಿಕಕ್ಕೆ ಹತ್ತು ಲಕ್ಷಕ್ಕೆ 20 ಭಾಗ ಹೆಚ್ಚುಕಮ್ಮಿ ಇದ್ರೆ ಪಾಸ್. ಕೇಳೋಕೆ ಏನೂ ಅಲ್ಲ ಅನ್ಸತ್ತೆ, ಆದ್ರೆ ದಿನಕ್ಕೆ 86,400 ಸೆಕೆಂಡ್ ಇದೆ ನೋಡಿ, ದಿನಕ್ಕೆ ಒಂದೂಮುಕ್ಕಾಲು ಸೆಕೆಂಡ್ ಹತ್ರ ಆಯ್ತು, ತಿಂಗಳಿಗೆ ಐವತ್ತು ಚಿಲ್ಲರೆ. ಇದರ ಮೇಲೆ ಬಿಸಿ ತಂಪಿನ ಕಾಟ. ಟ್ಯೂನಿಂಗ್ ಫೋರ್ಕ್ ಸ್ಫಟಿಕ 25 ಡಿಗ್ರಿ ಹತ್ರ ಅತಿ ವೇಗವಾಗಿ ನಡುಗೋ ಹಾಗೆ ಕತ್ತರಿಸಿರ್ತಾರೆ, ಅದಕ್ಕಿಂತ ಬಿಸಿ ಆದ್ರೂ ನಿಧಾನ, ತಂಪಾದ್ರೂ ನಿಧಾನ. 45 ಡಿಗ್ರಿಯಲ್ಲಿ ದಿನಕ್ಕೆ ಇನ್ನೊಂದು ಸೆಕೆಂಡ್ ಮೇಲೆ ಕಳ್ಕೊಳ್ಳತ್ತೆ, 5 ಡಿಗ್ರಿಯಲ್ಲೂ ಅಷ್ಟೇ. ಕೈಗೆ ಕಟ್ಟಿರೋ ವಾಚು ಗೋಡೆ ಗಡಿಯಾರಕ್ಕಿಂತ ಸಾಮಾನ್ಯವಾಗಿ ಸರಿ ಇರೋದಕ್ಕೆ ಇದೂ ಒಂದು ಕಾರಣ, ಮೈ ಶಾಖ ಅದನ್ನ ಹೆಚ್ಚುಕಮ್ಮಿ ಒಂದೇ ಹದದಲ್ಲಿ ಇಟ್ಟಿರತ್ತೆ.

ಸ್ಫಟಿಕವೇ ಬೇಡ ಅಂತ ಕರೆಂಟಿನ ಲೈನನ್ನೇ ಎಣಿಸೋ ಗಡಿಯಾರಗಳೂ ಇವೆ, ಓವನ್, ಹಳೇ ರೇಡಿಯೋ ಅಲಾರಂ ಇವುಗಳಲ್ಲಿ. ಎಸಿ ಕರೆಂಟು ಸೆಕೆಂಡಿಗೆ 50 ಸಲ ತೂಗತ್ತೆ, 50 ಎಣಿಸಿದ್ರೆ ಒಂದು ಸೆಕೆಂಡ್, ಮುಗೀತು. 2018ರ ಶುರುವಿನಲ್ಲಿ ಯುರೋಪಿನ ದೊಡ್ಡ ಭಾಗದಲ್ಲಿ ಇಂಥ ಗಡಿಯಾರಗಳೆಲ್ಲ ಒಟ್ಟಿಗೆ ಹಿಂದೆ ಬಿದ್ವು, ಮಾರ್ಚ್ ಹೊತ್ತಿಗೆ ಆರು ನಿಮಿಷದ ಹತ್ರ. ಸರ್ಬಿಯಾ ಮತ್ತೆ ಕೊಸೊವೊ ನಡುವಿನ ಜಗಳದಲ್ಲಿ ಗ್ರಿಡ್‌ಗೆ ಹಾಕ್ಬೇಕಾದಷ್ಟು ಕರೆಂಟು ಹಾಕಿರಲಿಲ್ಲ, ಸರಾಸರಿ ಫ್ರೀಕ್ವೆನ್ಸಿ 50 ಇರೋದು 49.996 ಆಗಿತ್ತು, ಅಷ್ಟೇ. ಎರಡು ಕಡೆಯವರ ರಾಜಕೀಯಕ್ಕೆ ಸಾವಿರಾರು ಕಿಲೋಮೀಟರ್ ದೂರದ ಯಾರದೋ ಮನೆ ಅಲಾರಂ ಲೇಟಾಗಿ ಹೊಡೀತು. ನನಗಂತೂ ಈ ಕತೆ ಭಾರಿ ಇಷ್ಟ, ಯಾಕಂದ್ರೆ ಆ ಗಡಿಯಾರಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಅವು ಕೇಳ್ತಿದ್ದವರೇ ತಪ್ಪು ಹೇಳ್ತಿದ್ರು.

ಈಗ ಫೋನ್, ಕಂಪ್ಯೂಟರ್ ವಿಷಯ. ಕಂಪ್ಯೂಟರುಗಳು ಒಂದನ್ನೊಂದು ಟೈಮ್ ಕೇಳೋಕೆ ಎನ್‌ಟಿಪಿ ಅಂತ ಒಂದು ಪದ್ಧತಿ ಇದೆ, ಡೇವಿಡ್ ಮಿಲ್ಸ್ ಅನ್ನೋರು 1980ರ ದಶಕದಲ್ಲಿ ರೂಪಿಸಿದ್ದು, ಇಂಟರ್ನೆಟ್‌ನಲ್ಲಿ ಇವತ್ತಿಗೂ ಬಳಕೇಲಿರೋ ತೀರಾ ಹಳೇ ವಿಷಯಗಳಲ್ಲಿ ಒಂದು. ತೊಂದರೆ ಏನಂದ್ರೆ, ಸರ್ವರ್ "ಈಗ ಇಷ್ಟು ಗಂಟೆ" ಅಂತ ಹೇಳೋ ಉತ್ತರ ನನ್ನ ಹತ್ರ ಬರೋಷ್ಟರಲ್ಲಿ ಆ "ಈಗ" ಹಳೇದಾಗಿರತ್ತೆ, ಎಷ್ಟು ಹಳೇದು ಅಂತ ಗೊತ್ತಿಲ್ಲ. ಅದನ್ನ ಹೀಗೆ ಬಗೆಹರಿಸ್ತಾರೆ. ನನ್ನ ಗಡಿಯಾರ 0 ತೋರಿಸ್ತಿದ್ದಾಗ ಪ್ರಶ್ನೆ ಕಳಿಸಿದೆ ಅನ್ಕೊಳ್ಳಿ. ಸರ್ವರ್ ಅದು ಕೈಸೇರಿದ್ದು ತನ್ನ ಗಡಿಯಾರದಲ್ಲಿ 150 ಮಿಲಿಸೆಕೆಂಡಿಗೆ, ಉತ್ತರ ಹೊರಟಿದ್ದು 160ಕ್ಕೆ ಅಂತ ಎರಡನ್ನೂ ಬರೆದು ಕಳಿಸತ್ತೆ. ಉತ್ತರ ನನಗೆ ಸಿಕ್ಕಿದ್ದು ನನ್ನ ಗಡಿಯಾರದಲ್ಲಿ 110ಕ್ಕೆ. ಅಂದ್ರೆ ಹೋಗಿಬರೋಕೆ ಒಟ್ಟು 110, ಅದರಲ್ಲಿ ಸರ್ವರ್ ಇಟ್ಕೊಂಡಿದ್ದು 10, ದಾರಿ ಖರ್ಚು 100. ಹೋಗೋಕೆ ಐವತ್ತು ಬರೋಕೆ ಐವತ್ತು ಅಂತ ಇಟ್ಕೊಂಡ್ರೆ ಪ್ರಶ್ನೆ ಅಲ್ಲಿ ಮುಟ್ಟಿದಾಗ ನನ್ನ ಗಡಿಯಾರದಲ್ಲಿ 50 ಆಗಿರ್ಬೇಕು, ಅಲ್ಲಿ ನೋಡಿದ್ರೆ 150. ಸರಿ, ನಾನು 100 ಮಿಲಿಸೆಕೆಂಡ್ ಹಿಂದೆ ಇದೀನಿ. ನಾಲ್ಕು ಸಂಖ್ಯೆ, ಎರಡು ಕಳೆಯೋ ಲೆಕ್ಕ. ಹೋಗೋ ದಾರಿ ಬರೋ ದಾರಿ ಸಮ ಅನ್ನೋದು ಬರೀ ನಂಬಿಕೆ, ಅದು ತಪ್ಪಾದಷ್ಟೂ ಉತ್ತರ ತಪ್ಪತ್ತೆ, ಅದಕ್ಕೆ ಹಲವು ಸರ್ವರುಗಳನ್ನ ಕೇಳಿ, ಗುಂಪಿಗೆ ಸೇರದ ಉತ್ತರ ಹೇಳೋರನ್ನ ಬಿಟ್ಟು, ಮಿಕ್ಕವರ ಮಾತು ತಗೋತಾರೆ. ಇನ್ನೊಂದು ನಾಜೂಕಿನ ವಿಷಯ, ಕಂಪ್ಯೂಟರ್ ಸ್ವಲ್ಪ ಮುಂದೆ ಓಡಿದೆ ಅಂತ ಗೊತ್ತಾದ್ರೆ ಗಡಿಯಾರವನ್ನ ದಬಕ್ಕಂತ ಹಿಂದಕ್ಕೆ ತಿರುಗಿಸಲ್ಲ, ಹಾಗೆ ಮಾಡಿದ್ರೆ ಈಗ ಸೇವ್ ಆದ ಫೈಲು ಹಿಂದಿನದಕ್ಕಿಂತ ಹಳೇದು ಅಂತ ಆಗ್ಬಿಡತ್ತೆ. ಸದ್ದಿಲ್ಲದೆ ಸ್ವಲ್ಪ ಹೊತ್ತು ನಿಧಾನ ನಡೆಸಿ ಸಾಲಿಗೆ ತರತ್ತೆ.

ಆ ಸರ್ವರ್‌ಗೆ ಯಾರು ಹೇಳೋದು? ಅದಕ್ಕಿಂತ ಮೇಲಿನ ಸರ್ವರ್. ಅದಕ್ಕೆ? ಬಹಳಷ್ಟು ಕಡೆ ಜಿಪಿಎಸ್ ಉಪಗ್ರಹ. ಜಿಪಿಎಸ್ ಅಂದ್ರೆ ನಮಗೆ ದಾರಿ ತೋರ್ಸೋದು, ಆದ್ರೆ ಅದು ಕೆಲಸ ಮಾಡೋದು ಟೈಮ್ ಮೇಲೆ, ಸುಮಾರು 20,200 ಕಿಲೋಮೀಟರ್ ಎತ್ತರದಿಂದ "ನನ್ನ ಗಡಿಯಾರದಲ್ಲಿ ಈಗ ಇಷ್ಟು" ಅಂತ ಕೂಗ್ತಾ ಸುತ್ತೋ ಗಡಿಯಾರಗಳು ಅವು. ವೇಗವಾಗಿ ಓಡೋದ್ರಿಂದ ಐನ್‌ಸ್ಟೈನ್ ಲೆಕ್ಕದ ಪ್ರಕಾರ ದಿನಕ್ಕೆ 7 ಮೈಕ್ರೋಸೆಕೆಂಡ್ ನಿಧಾನ ಆಗ್ತವೆ, ಗುರುತ್ವ ಕಮ್ಮಿ ಇರೋ ಎತ್ತರದಲ್ಲಿ ಇರೋದ್ರಿಂದ 45 ಮೈಕ್ರೋಸೆಕೆಂಡ್ ಜೋರಾಗ್ತವೆ, ಕಳೆದು ಉಳಿಯೋದು 38 ಜೋರು. ಬೆಳಕು ಒಂದು ಮೈಕ್ರೋಸೆಕೆಂಡಲ್ಲಿ 300 ಮೀಟರ್ ಹೋಗತ್ತೆ, 38ಕ್ಕೆ ಹನ್ನೊಂದು ಕಿಲೋಮೀಟರ್ ಮೇಲೆ. ಆ ಕೂಗು ಮುಟ್ಟೋಕೆ ಎಷ್ಟು ಹೊತ್ತಾಯ್ತು ಅಂತ ನೋಡಿಯೇ ದೂರ ಲೆಕ್ಕ ಹಾಕೋದು, ತಿದ್ದದೇ ಬಿಟ್ರೆ ಒಂದೇ ದಿನಕ್ಕೆ ದೂರದ ಲೆಕ್ಕ ಅಷ್ಟು ತಪ್ಪತ್ತೆ. ಹಾಗಾಗಿ ಮೇಲಕ್ಕೆ ಕಳಿಸೋ ಮುಂಚೆನೇ ಆ ಗಡಿಯಾರಗಳನ್ನ ಬೇಕಂತಲೇ ಒಂಚೂರು ನಿಧಾನ ಮಾಡಿ ಕಳಿಸ್ತಾರೆ.

ಉಪಗ್ರಹದಲ್ಲಿರೋದು ಪರಮಾಣು ಗಡಿಯಾರ, ಸೀಸಿಯಂ ಅಥವಾ ರುಬಿಡಿಯಂ. ಹೆಸರು ಕೇಳಿದ್ರೆ ಬೇರೆ ಲೋಕದ್ದು ಅನ್ಸತ್ತೆ, ಆದ್ರೆ ಅದರ ಒಳಗೂ ನಡುಗೋದು ನಮ್ಮ ಸ್ಫಟಿಕನೇ! ಸ್ಫಟಿಕದಿಂದ ಒಂದು ಮೈಕ್ರೋವೇವ್ ತಯಾರು ಮಾಡಿ ಸೀಸಿಯಂ ಪರಮಾಣುಗಳ ಮೇಲೆ ಬಿಡ್ತಾರೆ. ಸರಿಯಾದ ಫ್ರೀಕ್ವೆನ್ಸಿ ಇದ್ರೆ ಮಾತ್ರ ಪರಮಾಣುಗಳು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹಾರ್ತವೆ. ಎಷ್ಟು ಹಾರಿದ್ವು ಅಂತ ನೋಡೋದು, ಕಮ್ಮಿ ಆಗ್ತಿದ್ರೆ ಸ್ಫಟಿಕ ದಾರಿ ಬಿಡ್ತಿದೆ ಅಂತ ಅರ್ಥ, ಸ್ವಲ್ಪ ತಿದ್ದೋದು, ಮತ್ತೆ ನೋಡೋದು. ಅಂದ್ರೆ ಇಲ್ಲೂ ಅದೇ ಕತೆ, ಸ್ಫಟಿಕ ಪರಮಾಣುವನ್ನ ಕೇಳ್ತಾ ಇದೆ. ಪರಮಾಣುವನ್ನೇ ಯಾಕೆ ಕೇಳ್ಬೇಕು ಅಂದ್ರೆ ಎರಡು ಸ್ಫಟಿಕ ಒಂದೇ ತರ ಕತ್ತರಿಸೋಕೆ ಯಾರಿಂದಲೂ ಆಗಲ್ಲ, ಸೀಸಿಯಂ ಪರಮಾಣುವನ್ನ ಯಾರೂ ಕತ್ತರಿಸಬೇಕಾಗಿಲ್ಲ, ಎಲ್ಲಿ ತಗೊಂಡ್ರೂ ಅದು ಅದೇ. ಬ್ರಿಟನ್ನಿನ ಎನ್‌ಪಿಎಲ್ ಅನ್ನೋ ಸರ್ಕಾರಿ ಲ್ಯಾಬಿನಲ್ಲಿ ಎಸೆನ್ ಮತ್ತೆ ಪ್ಯಾರಿ 1955ರಲ್ಲಿ ಇಂಥದ್ದೊಂದನ್ನ ನಡೆಸಿ ತೋರಿಸಿದ್ರು, 1967ರಲ್ಲಿ ಸೆಕೆಂಡಿನ ಲೆಕ್ಕವನ್ನೇ ಅದಕ್ಕೆ ಕಟ್ಟಿಹಾಕಿದ್ರು: ಆ ತರಂಗದ 919 ಕೋಟಿ 26 ಲಕ್ಷ 31 ಸಾವಿರದ 770 ತೂಗಾಟ ಅಂದ್ರೆ ಒಂದು ಸೆಕೆಂಡ್.

ಆಯ್ತು, ಹಾಗಿದ್ರೆ ಎಲ್ಲೋ ಒಂದು ಕಡೆ, ನೆಲಮಾಳಿಗೆಯಲ್ಲಿ, ಗಾಜಿನ ಹಿಂದೆ, ಎಲ್ಲಕ್ಕಿಂತ ದೊಡ್ಡ ಗಡಿಯಾರ ಒಂದು ಇರ್ಬೇಕಲ್ಲ, ಎಲ್ರೂ ಕೊನೆಗೆ ಅದನ್ನೇ ಕೇಳೋದು? ಇಲ್ಲ. ಅಂಥದ್ದು ಇಲ್ಲವೇ ಇಲ್ಲ. ಪ್ರಪಂಚದ ಸುಮಾರು 80 ಲ್ಯಾಬುಗಳಲ್ಲಿರೋ 400ಕ್ಕೂ ಹೆಚ್ಚು ಪರಮಾಣು ಗಡಿಯಾರಗಳ ಲೆಕ್ಕ ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿರೋ ಬಿಐಪಿಎಂ ಅನ್ನೋ ಕಚೇರಿಗೆ ಹೋಗತ್ತೆ, ಅವರು ಎಲ್ಲದರ ಸರಾಸರಿ ತೆಗೀತಾರೆ, ಆ ಸರಾಸರಿಯಿಂದ ಬರೋದೇ ಯುಟಿಸಿ, ಲೋಕದ ಟೈಮ್. ಸರಾಸರಿ ಸಾದಾ ಸರಾಸರಿ ಅಲ್ಲ, ಒಳ್ಳೇ ಗಡಿಯಾರದ ಮಾತಿಗೆ ಹೆಚ್ಚು ತೂಕ. ಒಳ್ಳೇದು ಅಂದ್ರೆ ಯಾವುದು ಅನ್ನೋದು ಇಲ್ಲಿ ಸ್ವಾರಸ್ಯ, ಇದು ನಾಳೆ ಎಷ್ಟು ತಪ್ಪತ್ತೆ ಅಂತ ಇವತ್ತೇ ಹೇಳೋಕೆ ಬರೋ ಗಡಿಯಾರ. ದಿನಾ ತಪ್ಪಿದ್ರೂ ಪರವಾಗಿಲ್ಲ, ಒಂದೇ ತರ ತಪ್ಪಬೇಕು. ಮತ್ತೆ ಈ ಲೆಕ್ಕ ಬರೋದು ತಿಂಗಳಿಗೊಂದು ಸಲ, "ಹೋದ ತಿಂಗಳು ನಿಮ್ಮ ಲ್ಯಾಬಿನ ಟೈಮ್ ಇಷ್ಟು ನ್ಯಾನೋಸೆಕೆಂಡ್ ಆಚೀಚೆ ಇತ್ತು" ಅಂತ ಒಂದು ಪಟ್ಟಿ. ಅಂದ್ರೆ ಈ ಕ್ಷಣ ಸರಿಯಾಗಿ ಎಷ್ಟು ಗಂಟೆ ಅನ್ನೋದು ಈ ಕ್ಷಣದಲ್ಲಿ ಯಾರಿಗೂ ಕೊನೇ ಅಂಕಿ ತನಕ ಗೊತ್ತಿಲ್ಲ, ಮುಂದಿನ ತಿಂಗಳು ತಿಳಿಯತ್ತೆ. ಫೋನ್ ತೋರಿಸ್ತಿರೋದು ಒಳ್ಳೇ ಅಂದಾಜು. ಭಾರಿ ಒಳ್ಳೇ ಅಂದಾಜು, ಬಸ್ ಹಿಡಿಯೋಕೆ ಧಾರಾಳ ಸಾಕು.

ಇಲ್ಲಿ ಯಾರಾದ್ರೂ ಕೇಳ್ಬಹುದು, ಇಷ್ಟೆಲ್ಲ ಯಾಕೆ, ಭೂಮಿ ತಿರುಗೋದನ್ನೇ ನೋಡಿದ್ರೆ ಸಾಲ್ದಾ, ಸಾವಿರಾರು ವರ್ಷ ಅದೇ ತಾನೇ ಗಡಿಯಾರ ಆಗಿದ್ದಿದ್ದು. 1960ರ ತನಕ ಸೆಕೆಂಡ್ ಅಂದ್ರೆ ಸರಾಸರಿ ದಿನದ 86,400ರಲ್ಲಿ ಒಂದು ಪಾಲು ಅಂತಲೇ ಇತ್ತು. ಆದ್ರೆ ಭೂಮಿ ಸಿಕ್ಕಿಬಿದ್ದಿದ್ದು ಕ್ವಾರ್ಟ್ಜ್ ಗಡಿಯಾರದ ಕೈಯಲ್ಲೇ. 1927ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಮ್ಯಾರಿಸನ್ ಮತ್ತೆ ಹಾರ್ಟನ್ ಮೊದಲ ಕ್ವಾರ್ಟ್ಜ್ ಗಡಿಯಾರ ಮಾಡಿದ್ರು, 1930ರ ದಶಕದಲ್ಲಿ ಬರ್ಲಿನ್‌ನಲ್ಲಿ ಶೈಬೆ ಮತ್ತೆ ಅಡೆಲ್ಸ್‌ಬರ್ಗರ್ ಅನ್ನೋರು ಇನ್ನೂ ಒಳ್ಳೇದು ಮಾಡಿ ಹೋಲಿಸಿ ನೋಡಿದ್ರೆ ದಿನದ ಉದ್ದ ಋತುವಿನಿಂದ ಋತುವಿಗೆ ಬದಲಾಗ್ತಿದೆ. ಗಾಳಿ ಬೀಸೋದು ಬದಲಾದ್ರೆ, ಒಳಗಿನ ದ್ರವ ಲೋಹ ಹೊರಳಿದ್ರೆ ಭೂಮಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಜೋರು ನಿಧಾನ ಆಗತ್ತೆ. ಇದರ ಜೊತೆ ಚಂದ್ರ ಎಬ್ಬಿಸೋ ಉಬ್ಬರ ಇಳಿತ ಬ್ರೇಕ್ ಹಾಕ್ತಾನೇ ಇದೆ, ಅದರಿಂದ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗ್ತಿದಾನೆ, ಅಪೊಲೊದವರು ಅಲ್ಲಿಟ್ಟು ಬಂದ ಕನ್ನಡಿಗಳಿಗೆ ಲೇಸರ್ ಹೊಡೆದು ಅಳೆದಿರೋದು. 1963ರಲ್ಲಿ ಜಾನ್ ವೆಲ್ಸ್ ಅನ್ನೋರು ಡೆವೋನಿಯನ್ ಕಾಲದ, ಅಂದ್ರೆ 38 ಕೋಟಿ ವರ್ಷದಷ್ಟು ಹಿಂದಿನ ಹವಳದ ಪಳೆಯುಳಿಕೆಗಳ ಮೇಲಿನ ದಿನದಿನದ ಬೆಳವಣಿಗೆ ಗೆರೆಗಳನ್ನ ಎಣಿಸಿದ್ರು. ವರ್ಷಕ್ಕೆ ಸುಮಾರು 400 ಗೆರೆ. ಆಗ ವರ್ಷಕ್ಕೆ ಅಷ್ಟು ದಿನ ಇತ್ತು, ದಿನ ಚಿಕ್ಕದಿತ್ತು.

ಪರಮಾಣು ಒಂದು ಕಡೆ ಎಳೀತಿದೆ, ಭೂಮಿ ಇನ್ನೊಂದು ಕಡೆ. ರಾಜಿ ಮಾಡ್ಸೋಕೆ 1972ರಿಂದ ಆಗಾಗ ಒಂದು ಸೆಕೆಂಡ್ ಹೆಚ್ಚಿಗೆ ಸೇರ್ಸೋ ಪದ್ಧತಿ ಬಂತು, ಲೀಪ್ ಸೆಕೆಂಡ್. ಒಟ್ಟು 27 ಸೇರಿಸಿದಾರೆ, ಕೊನೇದು 2016ರ ಡಿಸೆಂಬರ್ 31ಕ್ಕೆ, ಅವತ್ತು ಯುಟಿಸಿಯಲ್ಲಿ 23:59:59 ಆದ್ಮೇಲೆ 23:59:60 ಅಂತ ಒಂದು ಸೆಕೆಂಡ್ ಬಂದು ಹೋಯ್ತು. ಖಗೋಳದವರಿಗೆ ಸರಿ ಹೋಯ್ತು, ಕಂಪ್ಯೂಟರುಗಳಿಗೆ ಅರುವತ್ತನೇ ಸೆಕೆಂಡ್ ಅಂದ್ರೆ ತಲೆ ಕೆಡತ್ತೆ. 2012ರ ಜೂನ್ 30ರ ಲೀಪ್ ಸೆಕೆಂಡಿಗೆ ಸರ್ವರ್‌ಗಳನ್ನ ನಡೆಸೋ ಲಿನಕ್ಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿದ್ದ ಒಂದು ದೋಷದಿಂದ ಎಷ್ಟೋ ಸರ್ವರ್‌ಗಳು ಸುಮ್ಮನೆ ಸುತ್ತಿ ಸುತ್ತಿ ಸುಸ್ತಾಗಿ ರೆಡ್ಡಿಟ್ ತರದ ಸೈಟುಗಳು ಮಲಗಿಬಿಟ್ವು. ಗೂಗಲ್‌ನವರು ಆ ಸೆಕೆಂಡನ್ನ ಹಲವು ಗಂಟೆಗಳ ಉದ್ದಕ್ಕೂ ಸವರಿಬಿಡ್ತಾರೆ, ಪ್ರತಿ ಸೆಕೆಂಡನ್ನೂ ಯಾರಿಗೂ ಗೊತ್ತಾಗದಷ್ಟು ಹಿಗ್ಗಿಸಿ. ಕೊನೆಗೆ 2022ರಲ್ಲಿ ಹಲವು ದೇಶಗಳು ಕೂತು ಈ ಜಂಜಾಟ ಸಾಕು, 2035ರ ಒಳಗೆ ಇದನ್ನ ನಿಲ್ಲಿಸಿ ಭೂಮಿ ಜೊತೆಗಿನ ಅಂತರ ಒಂದು ಸೆಕೆಂಡಿಗಿಂತ ಜಾಸ್ತಿ ಬೆಳೆಯೋಕೆ ಬಿಡೋಣ ಅಂತ ತೀರ್ಮಾನ ಮಾಡಿದಾರೆ. ನನ್ನ ಅಭಿಪ್ರಾಯ ಕೇಳಿದ್ರೆ ಸರಿಯಾದ ತೀರ್ಮಾನ, ಸೂರ್ಯ ನೆತ್ತಿ ಮೇಲೆ ಬರೋದು ಒಂದು ನಿಮಿಷ ಆಚೀಚೆ ಆಗೋಕೆ ಎಷ್ಟೋ ಕಾಲ ಬೇಕು. ಅಷ್ಟರಲ್ಲಿ ತಮಾಷೆ ಅಂದ್ರೆ ಭೂಮಿ ಈಚೆಗೆ ಸ್ವಲ್ಪ ಜೋರಾಗಿದೆ, 24 ಗಂಟೆಗಿಂತ ಒಂದೂವರೆ ಮಿಲಿಸೆಕೆಂಡ್ ಚಿಕ್ಕ ದಿನಗಳು ಬಂದು ಹೋಗಿವೆ. ಇದೇ ಮುಂದುವರಿದ್ರೆ ಸೆಕೆಂಡ್ ಸೇರ್ಸೋದಲ್ಲ, ಕಳೀಬೇಕಾಗತ್ತೆ, ಅದನ್ನ ಇದುವರೆಗೆ ಯಾರೂ ಮಾಡಿಲ್ಲ.

ಈಗ ಸೀಸಿಯಂ ಕೂಡ ಹಳೇದಾಗ್ತಿದೆ. ಮೈಕ್ರೋವೇವ್ ಬದಲು ಬೆಳಕಿನ ತೂಗಾಟ ಎಣಿಸೋ ಆಪ್ಟಿಕಲ್ ಗಡಿಯಾರಗಳು ಬಂದಿವೆ, ಸ್ಟ್ರಾನ್ಶಿಯಂ, ಯಿಟರ್ಬಿಯಂ ಇವುಗಳದ್ದು, ಸೆಕೆಂಡಿಗೆ ಕೋಟಿ ಕೋಟಿಗಳ ಲೆಕ್ಕದಲ್ಲಿ ಎಣಿಸ್ತವೆ. ಇವು ಎಷ್ಟು ಸೂಕ್ಷ್ಮ ಅಂದ್ರೆ, 2010ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಅನ್ನೋ ಲ್ಯಾಬಿನವರು ಒಂದು ಗಡಿಯಾರವನ್ನ ಇನ್ನೊಂದಕ್ಕಿಂತ ಬರೀ 33 ಸೆಂಟಿಮೀಟರ್ ಮೇಲೆ ಎತ್ತಿಟ್ಟು, ಮೇಲಿನದು ಜೋರಾಗಿ ಓಡತ್ತೆ ಅಂತ ಅಳೆದು ತೋರಿಸಿದ್ರು. 2022ರಲ್ಲಿ ಅಮೆರಿಕದ್ದೇ ಇನ್ನೊಂದು ಲ್ಯಾಬು, ಜಿಲಾದವರು, ಒಂದು ಮಿಲಿಮೀಟರ್ ಎತ್ತರದ ವ್ಯತ್ಯಾಸಕ್ಕೆ ಬಂದ್ರು.

ಇಷ್ಟು ಸೂಕ್ಷ್ಮ ಆದ್ಮೇಲೆ ತೊಂದರೆ ಬೇರೆ ಕಡೆಯಿಂದ ಬರತ್ತೆ. ಎರಡು ಲ್ಯಾಬಿನ ಗಡಿಯಾರ ಹೋಲಿಸ್ಬೇಕು ಅಂದ್ರೆ ಎರಡೂ ಲ್ಯಾಬು ಎಷ್ಟು ಎತ್ತರದಲ್ಲಿವೆ ಅಂತ ಸೆಂಟಿಮೀಟರ್ ಲೆಕ್ಕದಲ್ಲಿ ಗೊತ್ತಿರ್ಬೇಕು. ಎತ್ತರ ಅಂದ್ರೆ ಎಲ್ಲಿಂದ? ಸಮುದ್ರ ಮಟ್ಟದಿಂದ ಅಂತ ಸುಲಭವಾಗಿ ಹೇಳ್ತೀವಿ, ಆ ಮಟ್ಟ ಒಂದೊಂದು ಕಡೆ ಒಂದೊಂದು ತರ ಇದೆ. ಸಾಲದ್ದಕ್ಕೆ ಚಂದ್ರ ಎಳೆಯೋದು ಸಮುದ್ರವನ್ನ ಮಾತ್ರ ಅಲ್ಲ, ಗಟ್ಟಿ ನೆಲವೂ ದಿನಕ್ಕೆರಡು ಸಲ ಹತ್ತಾರು ಸೆಂಟಿಮೀಟರ್ ಉಬ್ಬಿ ಇಳಿಯತ್ತೆ, ಲ್ಯಾಬು, ಗಡಿಯಾರ, ಪಕ್ಕದಲ್ಲಿ ನಿಂತಿರೋ ವಿಜ್ಞಾನಿ ಎಲ್ಲ ಸೇರಿಸಿ, ನಮಗೆ ಗೊತ್ತೇ ಆಗಲ್ಲ. ಆ ಗಡಿಯಾರಗಳಿಗೆ ಗೊತ್ತಾಗತ್ತೆ. ಹಾಗಾಗಿ ಸೆಕೆಂಡಿನ ಲೆಕ್ಕವನ್ನ ಆಪ್ಟಿಕಲ್ ಗಡಿಯಾರಕ್ಕೆ ಬದಲಾಯಿಸೋ ತಯಾರಿಯಲ್ಲಿ ಈಗ ಗಡಿಯಾರದವರು ನೆಲ ಅಳೆಯೋ ಸರ್ವೆಯವರ ಹತ್ರ ಹೋಗಿ ನಮ್ಮ ಎತ್ತರ ಎಷ್ಟು ಅಂತ ಕೇಳ್ತಿದಾರೆ, ಸರ್ವೆಯವರೋ ಈ ಗಡಿಯಾರ ಇಟ್ಕೊಂಡು ಬೆಟ್ಟದ ಎತ್ತರ ಅಳೀಬಹುದಾ ಅಂತ ವಾಪಸ್ ಇವರನ್ನೇ ಕೇಳ್ತಿದಾರೆ.